ಕ್ಲೋರಿನಪ್ಪನ ಐದು ದಿನದ ಶುದ್ಧಿ

ಕ್ಲೋರಿನಪ್ಪನ ಬೆನ್ನ ಹಿಂದೆ ಎಲ್ಲರೂ ನಗುತ್ತಿದ್ದರು, ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ. ನೀರು ಶುದ್ಧೀಕರಣ ಘಟಕದಲ್ಲಿ ಅವನದು ಇಪ್ಪತ್ತಾರು ವರ್ಷದ ಕೆಲಸ. ಗಂಟೆಗೊಮ್ಮೆ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಎರಡು ಹನಿ ದ್ರಾವಣ ಬಿಟ್ಟು, ಬಣ್ಣ ನೋಡಿ, ಕ್ಲೋರಿನ್ ಎಷ್ಟಿದೆಯೆಂದು ಪುಸ್ತಕದಲ್ಲಿ ಬರೆಯಬೇಕು. ಜ್ವರದಲ್ಲಿ ನಡುಗುತ್ತಿದ್ದ ದಿನವೂ ಅವನು ನೋಡದೆ ಒಂದು ಅಂಕಿ ಬರೆದವನಲ್ಲ.

ಸೂಕ್ಷ್ಮಾಣು ಅಂದರೆ ಸಾಕು, ಆಸಾಮಿಗೆ ಮೈಯೆಲ್ಲ ಉರಿ. ಮನೆಯ ಬಾಗಿಲ ಹಿಡಿಕೆಯನ್ನೂ ದಿನಕ್ಕೆರಡು ಸಲ ಒರೆಸುವ ಮಹಾನುಭಾವ! ಚಿಕ್ಕಂದಿನಲ್ಲಿ ಮಗಳು ಒಂದು ಸಲ ಸೀನಿದರೆ ಬೀರುವಿನಲ್ಲಿ ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆಗೆ ಕೈ ಹಾಕುತ್ತಿದ್ದ. ಸಸಿ ಮಾರುವ ಅಂಗಡಿಯಲ್ಲಿ ಗೊಬ್ಬರ, ಮಣ್ಣು ಕಲಸುವ ನಾದಿನಿ ಬಂದರೆ, ಹಿತ್ತಲ ನಲ್ಲಿಯಲ್ಲಿ ಮೊಣಕೈತನಕ ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ. ಅಕ್ಕ ತೀರಿಕೊಂಡ ಮೇಲೂ ಅವಳು ವಾರವಾರ ಬಂದಳು, ಬೈದುಕೊಂಡೇ ಕೈ ತೊಳೆದಳು.

ಹೆಂಡತಿ ಹೋದಮೇಲೆ ಅವನಿಗೆ ಉಳಿದದ್ದು ಆ ಮಗಳೊಬ್ಬಳೇ. ಶಾಲೆಯಲ್ಲಿ ಗಣಿತ ಹೇಳುವವಳು. ಎರಡು ವರ್ಷದಿಂದ ಅವಳಿಗೆ ಕರುಳಿನ ಉರಿಯೂತ. ದಿನಕ್ಕೆ ಹದಿನೈದು ಸಲ ರಕ್ತ ಬೆರೆತ ಭೇದಿ. ಒಂದು ಪಾಠ ಮುಗಿಯುವತನಕ ತರಗತಿಯಲ್ಲಿ ನಿಲ್ಲಲಾರಳು. ಒಂದೊಂದಾಗಿ ಔಷಧಿಗಳೆಲ್ಲ ಕೈಕೊಟ್ಟವು. ಇನ್ನೆರಡು ತಿಂಗಳಲ್ಲಿ ಗುಣ ಕಾಣದಿದ್ದರೆ ದೊಡ್ಡ ಕರುಳನ್ನೇ ತೆಗೆಯಬೇಕು, ಮಲ ಹೋಗಲು ಹೊಟ್ಟೆಗೊಂದು ಚೀಲ ಕಟ್ಟಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದರು.

"ಅದಕ್ಕೆ ಮುಂಚೆ ಒಂದು ಪ್ರಯತ್ನ ಇದೆ" ಎಂದರು ಡಾಕ್ಟರಮ್ಮ. "ಆರೋಗ್ಯವಾಗಿರೋರ ಮಲದಿಂದ ಸೂಕ್ಷ್ಮಾಣುಗಳನ್ನ ತೆಗೆದು ಇವಳ ಕರುಳಿಗೆ ಬಿಡೋದು."

"ಬಿಡೋದಾ? ಕೊಲ್ಲೋದಲ್ವಾ ಮೇಡಂ?"

"ಕರುಳಲ್ಲಿ ಲೆಕ್ಕವಿಲ್ಲದಷ್ಟು ಇರ್ತವೆ ಯಜಮಾನ್ರೇ. ಅರಗಿಸೋದಕ್ಕೆ, ಕರುಳಿನ ಒಳಪದರ ಕಾಯೋದಕ್ಕೆ ಅವು ಬೇಕೇ ಬೇಕು. ಇವಳಲ್ಲಿ ಒಳ್ಳೆಯವು ಕಮ್ಮಿಯಾಗಿವೆ, ಮೈ ತನ್ನ ಕರುಳಿನ ಮೇಲೇ ತಿರುಗಿಬಿದ್ದಿದೆ. ಇದಿನ್ನೂ ಪ್ರಯೋಗ, ಗ್ಯಾರಂಟಿ ಕೊಡಲ್ಲ. ಕೆಲವರಿಗೆ ಹಿಡಿಯುತ್ತೆ."

ನಾದಿನಿ ಕೇಳಿದ ತಕ್ಷಣ "ನನ್ನದು ತಗೊಳ್ಳಿ" ಎಂದಳು. ಇವನು ಸುತರಾಂ ಒಪ್ಪಲಿಲ್ಲ. "ಇಡೀ ದಿನ ಗೊಬ್ಬರದಲ್ಲಿ ಕೈಯಾಡಿಸೋಳದ್ದು ನನ್ನ ಮಗಳ ಹೊಟ್ಟೆಗಾ?" ಎಂದು ಅವಳ ಮುಖಕ್ಕೆ ಹೊಡೆದಂತೆ ಹೇಳಿ ತಾನೇ ಮುಂದಾದ. ರಕ್ತಪರೀಕ್ಷೆ, ಮಲಪರೀಕ್ಷೆ ಎಲ್ಲ ಪಾಸಾದವು. "ಇನ್ನು ಹತ್ತು ದಿನ, ಹೇಗಿದೀರೋ ಹಾಗೇ ಇರಿ, ಹೊಸ ಔಷಧಿ ಏನೂ ಬೇಡ" ಎಂದು ಕಳಿಸಿದರು.

ಹೇಗಿದ್ದಾನೋ ಹಾಗೇ ಇರುವ ಜಾಯಮಾನವೇ ಅವನದು? ಹೊಸ ಪೈಪು ಹಾಕಿದಾಗ ಅದನ್ನು ಹಳೆಯ ಸಾಲಿಗೆ ಸುಮ್ಮನೆ ಜೋಡಿಸುವುದಿಲ್ಲ. ಗಟ್ಟಿ ಕ್ಲೋರಿನ್ ನೀರು ತುಂಬಿ, ಒಂದು ದಿನ ಬಿಟ್ಟು, ತೊಳೆದು ಆಮೇಲೇ ಜೋಡಿಸುವುದು. ತಾನೂ ಈಗ ಒಂದು ಪೈಪು ತಾನೇ? ಹಲ್ಲುನೋವಿಗೆಂದು ತಂದು ಉಳಿದಿದ್ದ ಆಂಟಿಬಯೋಟಿಕ್ ಬೀರುವಿನಲ್ಲಿತ್ತು. ದಿನಕ್ಕೆ ಎರಡರಂತೆ ಐದು ದಿನ ನುಂಗಿದ. ಅವನ ಮಟ್ಟಿಗೆ ಅದು ಔಷಧಿಯಲ್ಲ, ಶುದ್ಧಿ. ಮಗಳಿಗೆ ಕೊಡುವುದು ಚೊಕ್ಕವಾಗಿರಲಿ ಎಂಬ ಆಸೆ, ಪಾಪ.

ಹತ್ತನೆಯ ದಿನ ಬೆಳಿಗ್ಗೆ ಮಲ ಕೊಡಲೆಂದು ಆಸ್ಪತ್ರೆಯ ಚಿಕ್ಕ ಕೋಣೆಯಲ್ಲಿ ಮುಚ್ಚಳದ ಡಬ್ಬಿ ಹಿಡಿದು ಕೂತಿದ್ದ. ನರ್ಸಮ್ಮ ಹಾಳೆ ನೋಡಿ ಕೊನೆಯ ಸಲ ಎಲ್ಲವನ್ನೂ ಕೇಳುತ್ತಿದ್ದಳು. ಜ್ವರ? ಇಲ್ಲ. ಭೇದಿ? ಇಲ್ಲ.

"ಆಂಟಿಬಯೋಟಿಕ್ ತಗೊಂಡಿಲ್ಲ ತಾನೇ? ತಗೊಂಡಿದ್ರೆ ಒಳ್ಳೆ ಸೂಕ್ಷ್ಮಾಣುಗಳೂ ಸತ್ತಿರ್ತವೆ, ಪ್ರಯೋಜನಕ್ಕೆ ಬರಲ್ಲ."

ಅವಳ ಪೆನ್ನು 'ಇಲ್ಲ' ಎಂಬಲ್ಲಿ ಆಗಲೇ ಬಂದು ನಿಂತಿತ್ತು. ಪಕ್ಕದ ವಾರ್ಡಿನಲ್ಲಿ ಮಗಳು ಹಸಿರು ಗೌನು ತೊಟ್ಟು ಕಾಯುತ್ತಿದ್ದಳು. ಇಲ್ಲ ಅಂದುಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ? ಆದರೆ ಸತ್ತ ನೀರಿನಂಥದ್ದನ್ನು ಅವಳೊಳಗೆ ಬಿಟ್ಟು, ತಿಂಗಳು ಕಳೆದು, ಚಾಕು ಬೀಳುವುದು ಅವಳ ಹೊಟ್ಟೆಯ ಮೇಲೆ.

"ತಗೊಂಡಿದೀನಿ" ಎಂದ. "ಐದು ದಿನ. ನಿನ್ನೆ ರಾತ್ರಿವರೆಗೂ."

ಡಾಕ್ಟರಮ್ಮ ಬಂದರು. ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಸುಟ್ಟಿತು. "ಮೂರು ತಿಂಗಳು ನಿಮ್ಮದು ತಗೊಳ್ಳೋ ಹಾಗಿಲ್ಲ. ಅಷ್ಟು ದಿನ ಅವಳಿಗಿಲ್ಲ" ಎಂದರು.

"ಮೇಡಂ, ಅವಳು ಚಿಕ್ಕವಳಿದ್ದಾಗಲೂ ಸೀನಿದಾಗೆಲ್ಲ ಇಂಥದೇ ಮಾತ್ರೆ ಕೊಟ್ಟೆ. ನನ್ನಿಂದಲೇ ಬಂತಾ ಇದು?"

"ಹಾಗೆ ಹೇಳೋಕೆ ಬರಲ್ಲ. ಅದೂ ಒಂದು ಕಾರಣ ಇರಬಹುದು ಅಂತ ಅನುಮಾನ ಇದೆ ಅಷ್ಟೆ. ಈಗ ಅದನ್ನ ಕೆದಕಬೇಡಿ, ಬೇರೆ ಯಾರಿದ್ದಾರೆ ಹೇಳಿ. ಪರೀಕ್ಷೆಗೇ ಹತ್ತು ದಿನ ಬೇಕು."

ವಾರ್ಡಿಗೆ ಹೋಗಿ ಮಗಳಿಗೆ ಒಂದೂ ಮುಚ್ಚಿಡದೆ ಹೇಳಿದ. ಅವಳು ದಿಟ್ಟಿಸಿ ನೋಡಿದಳು. ಅಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಶೌಚಾಲಯಕ್ಕೆ ಓಡಿದಳು. ಮುಚ್ಚಿದ ಬಾಗಿಲ ಹೊರಗೆ ಅವನು ನಿಂತೇ ಇದ್ದ. ಒಳಗೆ ಅವಳು ನರಳುವುದು ಕೇಳುತ್ತಿತ್ತು. ಹನ್ನೊಂದು ನಿಮಿಷ. ಬಾಗಿಲ ಹಿಡಿಕೆ ಕಂಡೂ ಒರೆಸಬೇಕೆಂದು ಅವನಿಗೆ ಅನ್ನಿಸದಿದ್ದದ್ದು ಅದೇ ಮೊದಲು.

ಹೊರಬಂದವಳ ಮುಖ ಬಿಳುಚಿತ್ತು. "ಚಿಕ್ಕಮ್ಮನಿಗೆ ಫೋನ್ ಮಾಡಪ್ಪ. ನಾನು ಮಾಡಲ್ಲ. ನೀನೇ ಕೇಳು."

ಯಾವ ಮುಖ ಇಟ್ಟುಕೊಂಡು ಕೇಳುವುದು? ಆದರೂ ಕೇಳಿದ. ಐದು ದಿನದ ಮಾತ್ರೆಯಿಂದ ಹಿಡಿದು ಎಲ್ಲ ಹೇಳಿದ. ಆ ಕಡೆ ಕುಂಡಗಳ ಸದ್ದು ನಿಂತಿತು.

"ನೀನು ಆಂಟಿಬಯೋಟಿಕ್ ಏನಾದ್ರೂ..." ಎಂದು ತೊದಲಿದ.

"ಎರಡು ವರ್ಷದಿಂದ ಒಂದು ಮಾತ್ರೆ ಮುಟ್ಟಿಲ್ಲ. ಈಗಲೇ ಹೊರಟೆ ಭಾವ." ಮತ್ತೆ ಅವಳೇ ಕೇಳಿದಳು, "ಕೈ ತೊಳ್ಕೊಂಡು ಬರಲಾ, ಹಾಗೇ ಬರಲಾ?"

ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ಮಗಳು ಫೋನು ಕಿತ್ತುಕೊಂಡು, "ಹಾಗೇ ಬಾ ಚಿಕ್ಕಮ್ಮ, ಬೇಗ ಬಾ" ಎಂದಳು. ಕ್ಲೋರಿನಪ್ಪ ಗೋಡೆಗೆ ಒರಗಿ, ತೊಳೆಯದ ಕೈಗಳಲ್ಲೇ ಮುಖ ಮುಚ್ಚಿಕೊಂಡು ಅತ್ತ.