ಆವತ್ತು ಅಲ್ಲಿ ಯಾರಿದ್ದರು?

ಏಪ್ರಿಲ್ ತಿಂಗಳ ಮಧ್ಯಾಹ್ನ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ, ನಮ್ಮ ಮೇಡಂ ಕಂದು ಬಣ್ಣದ ಉಣ್ಣೆಯ ಸ್ವೆಟರ್ ಹಾಕಿಕೊಂಡು ಕೆ.ಬಿ. ಬಡಾವಣೆಯ ಮೂಲೆಯಲ್ಲಿ ಮೆಂತ್ಯ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದರು. ಕಂಪ್ಯೂಟರ್ ಕೋಣೆಯ ಎ.ಸಿ.ಯಿಂದ ಎದ್ದು ಬಂದವರಿಗೆ ಅದನ್ನು ಬಿಚ್ಚುವುದೇ ಮರೆತಿರುತ್ತಿತ್ತು. ಮೂಗಿನ ತುದಿ ಚಳಿಗೆ ಕೆಂಪಾಗಿ, ಹಣೆ ಬಿಸಿಲಿಗೆ ಬೆವೆತು, ಎರಡು ಋತು ಒಟ್ಟಿಗೆ ಕಾಣುವ ಮುಖ ಅದೊಂದೇ. ಸೊಪ್ಪಿನವಳು "ಜ್ವರ ಬಂದಾವೇನ್ರಿ ಅಕ್ಕಾರೆ?" ಎಂದರೆ, "ಇಲ್ಲವ್ವ, ಮೋಡ ನೋಡಿ ಬಂದೆ" ಎನ್ನುತ್ತಿದ್ದರು. ಪಾಪ, ಆಕೆ ತಲೆಯೆತ್ತಿ ಆಕಾಶ ನೋಡುತ್ತಿದ್ದಳು. ಅಲ್ಲಿ ಹತ್ತಿಯ ಎಳೆಯಷ್ಟೂ ಮೋಡ ಇರುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಮೇಡಂ ದಾವಣಗೆರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಅದರ ಜೊತೆಗೆ ಹವಾಮಾನ ಉಪಗ್ರಹದ ಹಳೆಯ ಚಿತ್ರಗಳನ್ನು ಒಪ್ಪಮಾಡಿ, ನಮ್ಮ ಸೀಮೆಯ ಮಳೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಎಂದು ಹುಡುಕುವ ಯೋಜನೆಯೊಂದನ್ನು ಹಟ ಹಿಡಿದು ತಂದಿದ್ದರು. ನಾನು ಅವರ ಸಹಾಯಕ. ಎಂ.ಎಸ್ಸಿ. ಮುಗಿಸಿ ಹರಿಹರದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ಕೆಲಸ ತಾತ್ಕಾಲಿಕ. ಆದರೂ ನಮ್ಮವ್ವ ಓಣಿಯಲ್ಲೆಲ್ಲ "ನನ್ನ ಮಗ ಉಪಗ್ರಹದಾಗೆ ಅದಾನೆ" ಎಂದು ಹೇಳಿಕೊಂಡು ಬಂದಿದ್ದಳು.

ಉಪಗ್ರಹ ಮೇಲಿನಿಂದ ಮೋಡದ ನೆತ್ತಿಯ ಬಿಸಿ-ತಂಪು ಅಳೆಯುತ್ತದೆ. ಮೋಡ ಎತ್ತರಕ್ಕೆ ಬೆಳೆದಷ್ಟೂ ನೆತ್ತಿ ತಣ್ಣಗಿರುತ್ತದೆ, ಸಾಮಾನ್ಯವಾಗಿ ಮಳೆಯೂ ಅಷ್ಟೇ ಜೋರು. ಈ ಅಂಕಿಗಳು ಟೇಪುಗಳಲ್ಲಿ ತುಂಬಿಕೊಂಡು ಪಾರ್ಸೆಲ್ಲಿನಲ್ಲಿ ಬರುತ್ತಿದ್ದವು. ಅವು ಬಂದಂತೆ ಬಳಸುವ ಹಾಗಿರಲಿಲ್ಲ. ನಡುನಡುವೆ ಹಾಳಾದ ಗೆರೆಗಳಿರುತ್ತಿದ್ದವು, ಭೂಮಿಯ ಮೇಲೆ ಎಲ್ಲೂ ಇರಲಾರದ ಚಳಿಯನ್ನು ತೋರಿಸುತ್ತಿದ್ದವು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಅವನ್ನು ಆರಿಸಿ ಎಸೆಯುವುದೇ ನಮ್ಮ ಮುಕ್ಕಾಲು ಕೆಲಸ. ಕಣ್ಣಿನಲ್ಲಿ ಆರಿಸಿ ಮುಗಿಯುವುದಿಲ್ಲವೆಂದು ಮೇಡಂ ಒಂದು ಪ್ರೋಗ್ರಾಂ ಬರೆದಿದ್ದರು. ಒಂದು ಮಿತಿಗಿಂತ ತಣ್ಣಗಿರುವ ಅಂಕಿ ಬಂದರೆ ಅದು ತಾನೇ ತೆಗೆದುಹಾಕಿ, ಅಕ್ಕಪಕ್ಕದ ಅಂಕಿಗಳ ಸರಾಸರಿ ತುಂಬುತ್ತಿತ್ತು. ನಾವು ಅದನ್ನು ಜರಡಿ ಎನ್ನುತ್ತಿದ್ದೆವು.

ಜರಡಿ ದಾಟಿ ಬಂದ ಚಿತ್ರದಲ್ಲಿ ವಿಚಿತ್ರವೇನಾದರೂ ಕಂಡರೆ ಮೇಡಂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಆವತ್ತು ಅಲ್ಲಿ ಯಾರಿದ್ರು?" ಕೇಳಿ ಸುಮ್ಮನಾಗುತ್ತಿರಲಿಲ್ಲ, ಕೊಕ್ಕನೂರಿನ ಮೇಲಿನ ಮೋಡವಾದರೆ ಅಲ್ಲಿನ ಶಾಲೆಯ ಮೇಷ್ಟ್ರಿಗೆ ಫೋನು ಹಚ್ಚುತ್ತಿದ್ದರು. "ಸರ, ಹೋದ ವರ್ಷ ಆ ದಿನ ನಿಮ್ಮೂರಾಗೆ ಮಳೆ ಬಂದಿತ್ತೇನ್ರಿ?" ನನಗೆ ನಗು.

"ಉಪಗ್ರಹ ನೋಡಿದ್ದನ್ನ ಕೊಕ್ಕನೂರು ಮೇಷ್ಟ್ರು ಪಾಸ್ ಮಾಡ್ಬೇಕಾ ಮೇಡಂ?"

"ಅದು ಮ್ಯಾಲಿಂದ ನೋಡ್ತೈತಪ್ಪ. ಅವರು ಕೆಳಗೆ ನೆಂದಿರ್ತಾರೆ."

ಮೂರನೆಯ ವರ್ಷಕ್ಕೆ ವರದಿ ಸಿದ್ಧವಾಯಿತು. ಮುಂಗಾರಿಗೆ ಮುಂಚಿನ ದೊಡ್ಡ ಗುಡುಗು ಮಳೆಗಳು ನಮ್ಮ ಕಡೆ ಕಡಿಮೆಯಾಗುತ್ತಿವೆ ಎಂಬುದೇ ಅದರ ಮುಖ್ಯ ಮಾತು. ಜೂನಿನಲ್ಲಿ ಪರಿಶೀಲನಾ ಸಮಿತಿ ಬರುವುದಿತ್ತು. ಅವರು ಮೆಚ್ಚಿದರೆ ಯೋಜನೆ ಇನ್ನೂ ಐದು ವರ್ಷ, ನನ್ನ ಕೆಲಸವೂ ಗಟ್ಟಿ. ಮೆಚ್ಚದಿದ್ದರೆ ಕೋಣೆಗೆ ಬೀಗ. ಮೇಡಂಗೆ ನಿವೃತ್ತಿ ಹತ್ತಿರವಿತ್ತು, ಅವರಿಗೆ ಇನ್ನೊಂದು ಅವಕಾಶ ಬರುವಂತಿರಲಿಲ್ಲ.

ಅದಕ್ಕೂ ಮುಂಚೆ, ಮೇ ಮೊದಲಲ್ಲಿ, ಭರಣಿ ಮಳೆಯ ಕಾಲ. ಕೊಂಡಜ್ಜಿಯ ಸ್ಕೌಟ್ ಮೈದಾನದಲ್ಲಿ ನಾವು ನಿಲ್ಲಿಸಿದ್ದ ಮಳೆಮಾಪಕ ವಾಲಿದೆ ಎಂದು ಸುದ್ದಿ ಬಂತು. ಮೇಡಂ ತಮ್ಮ ಮೊಪೆಡ್ಡಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ಮಾಪಕವನ್ನು ನೆಟ್ಟಗೆ ಮಾಡುವಷ್ಟರಲ್ಲಿ ಗಾಳಿ ನಿಂತುಹೋಯಿತು. ಕೆರೆಯಾಚೆ ಆಕಾಶ ಕಪ್ಪಿಟ್ಟು, ಕಪ್ಪಿನೊಳಗೆ ಒಂಥರಾ ಹಸಿರು ಕಾಣಿಸಿಕೊಂಡಿತು. ತಗಡಿನ ಶೆಡ್ಡಿಗೆ ಓಡಿದೆವು. ಆಲಿಕಲ್ಲು ತಗಡಿಗೆ ಬಡಿಯುವ ಸದ್ದಿಗೆ ನಾನು ಮೂಲೆ ಸೇರಿದೆ. ಕಣ್ಣೆದುರೇ ಬೇವಿನ ಕೊಂಬೆ ಮುರಿದು ಮೊಪೆಡ್ ಮೇಲೆ ಬಿತ್ತು. ಮೇಡಂ ಮಾತ್ರ ಕಿವಿ ಮುಚ್ಚಿಕೊಂಡು ಕೂಗಿದರು: "ಇದರ ನೆತ್ತಿ ಎಷ್ಟು ತಣ್ಣಗಿರಬೌದು ಹೇಳು!"

"ನಮ್ಮ ನೆತ್ತಿ ಉಳಿದ್ರೆ ಹೇಳ್ತೀನಿ ಮೇಡಂ!" ಎಂದು ನಾನೂ ಕೂಗಿದೆ.

ಆ ದಿನದ ಟೇಪು ಜೂನಿನಲ್ಲಿ, ಸಮಿತಿ ಬರುವ ವಾರವೇ ಬಂತು. ಹಬ್ಬದ ಉಡುಗೊರೆ ಬಿಚ್ಚುವ ಹುಮ್ಮಸ್ಸಿನಲ್ಲಿ ಜರಡಿ ಹಿಡಿದು ಚಿತ್ರ ತೆರೆದೆ. ಕೊಂಡಜ್ಜಿಯ ಮೇಲೆ ಮೆತ್ತನೆಯ ಬೂದು ಮೋಡ. ಹಪ್ಪಳ ಒಣಗಿಸಿದವರು ಗಾಬರಿಪಡುವಷ್ಟೂ ಇರಲಿಲ್ಲ.

"ದಿನ ತಪ್ಪಿರಬೇಕು" ಎಂದೆ. ತಪ್ಪಿರಲಿಲ್ಲ. ಹೊತ್ತೂ ಅದೇ.

ಮೇಡಂ ನನ್ನ ಹಿಂದೆ ನಿಂತಿದ್ದರು. "ಆವತ್ತು ಅಲ್ಲಿ ಯಾರಿದ್ರು?" ಎಂದು ಅಭ್ಯಾಸಬಲದಿಂದ ಶುರುಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. "ನಾವೇ ಇದ್ವಲ್ಲೋ" ಎಂದು ಕುರ್ಚಿ ಎಳೆದುಕೊಂಡು ಕೂತರು. "ಜರಡಿ ತಗದು ತೋರ್ಸು."

ತೋರಿಸಿದೆ. ಬೂದು ಮೋಡದ ನಡುವೆ ನಾವು ಎಂದೂ ಕಾಣದಷ್ಟು ತಣ್ಣಗಿನ ಒಂದು ಗುಂಡನೆಯ ಜಾಗ ಇತ್ತು. ಪ್ರೋಗ್ರಾಂ ಅದನ್ನು ಹಾಳಾದ ಅಂಕಿ ಎಂದುಕೊಂಡು ಕಿತ್ತು ಎಸೆದಿತ್ತು. ಜರಡಿ ಕಿತ್ತೆಸೆದದ್ದನ್ನು ನಾವು ನೋಡುತ್ತಲೇ ಇರಲಿಲ್ಲ. ಹಾಗಾಗಿ ಅದರ ಬಗ್ಗೆ ಯಾರನ್ನೂ ಫೋನು ಮಾಡಿ ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಮೇಡಂ ಸ್ವೆಟರಿನ ತೋಳಿನ ದಾರ ಎಳೆಯುತ್ತ ಲೆಕ್ಕ ಹಾಕಿದರು. ಆಮೇಲೆ ನನಗೆ ಬಿಡಿಸಿ ಹೇಳಿದರು. ನಡುವೆ ಹಳೆಯ ಉಪಗ್ರಹ ಹೋಗಿ ಹೊಸದು ಬಂದಿತ್ತು. ಹೊಸದರ ಕಣ್ಣು ಚುರುಕು, ತಣ್ಣಗಿನ ನೆತ್ತಿಯನ್ನು ಅದು ಇನ್ನೂ ತಣ್ಣಗೆ ಅಳೆಯುತ್ತಿತ್ತು. ಹಾಗಾಗಿ ಈಚಿನ ವರ್ಷಗಳ ದೊಡ್ಡ ಮಳೆಗಳನ್ನೇ ಜರಡಿ ಹೆಚ್ಚು ಹೆಚ್ಚು ಎಸೆದಿರಬೇಕು.

"ಮಳೆ ಕಮ್ಮಿ ಆಗಿಲ್ಲೇನೋ. ನಾವೇ ಕಮ್ಮಿ ಮಾಡೀವೇನೋ" ಎಂದರು.

ಅನುಮಾನ ಸಾಲದು, ಖಚಿತವಾಗಬೇಕಿತ್ತು. ಹಳೆಯ ಉಪಗ್ರಹದ ಒಂದು ಬೇಸಿಗೆ, ಹೊಸದರ ಒಂದು ಬೇಸಿಗೆ, ಎರಡನ್ನೂ ಜರಡಿಯಿಲ್ಲದೆ ಓಡಿಸಲು ಕೂತೆವು. ಹಾಳು ಕರೆಂಟು ಹೋಗಿ ಹೋಗಿ ಬರುತ್ತಿತ್ತು. ಯು.ಪಿ.ಎಸ್. ಕಿರುಚಿಕೊಂಡು ಸಾಯುತ್ತಿತ್ತು, ನಾವು ಮತ್ತೆ ಮೊದಲಿನಿಂದ. ಪರದೆ ಕಪ್ಪಾದಾಗಲೆಲ್ಲ ನಾನು ಬೈಯುತ್ತಿದ್ದೆ. ಮೇಡಂ ಬೈಯಲಿಲ್ಲ, ನೀರು ಕುಡಿಯಲೂ ಏಳಲಿಲ್ಲ. ಒಂದೊಂದು ಚಿತ್ರಕ್ಕೂ ಅದರ ಹಿಂದಿನದು ಮುಂದಿನದು ನೋಡುತ್ತಿದ್ದರು. "ಮೋಡ ಹುಟ್ತೈತೆ, ಬೆಳೀತೈತೆ, ಕರಗ್ತೈತೆ. ಹಾಳಾದ ಗೆರೆ ಹಂಗಲ್ಲ, ಒಂದೇ ಚಿತ್ರದಾಗೆ ಬಂದು ಮಾಯ ಆಗ್ತೈತೆ" ಎಂದು ನನಗೂ ಗುರುತು ಹಿಡಿಯಲು ಕಲಿಸಿದರು. ಸಮಿತಿ ಬರುವ ಹಿಂದಿನ ದಿನದ ಸಂಜೆಗೆ ಖಚಿತವಾಯಿತು. ಎರಡು ಬೇಸಿಗೆಗಳಲ್ಲೂ ದೊಡ್ಡ ಮಳೆ ಸರಿಸುಮಾರು ಅಷ್ಟೇ, ವರದಿಯ ಮುಖ್ಯ ಮಾತು ಸುಳ್ಳು.

ಪ್ರಾಂಶುಪಾಲರು ಓಡಿ ಬಂದರು. ಕೆಟ್ಟವರಲ್ಲ, ಕಾಲೇಜಿಗೆ ಒಳ್ಳೆಯದಾಗಲಿ ಎಂದು ಬಯಸಿದವರು. "ವರದಿ ಪ್ರಿಂಟಾಗಿ ಕುಂತೈತ್ರಿ ಮೇಡಂ. ಮೊದ್ಲು ಸಮಿತಿ ಸಹಿ ಬೀಳ್ಲಿ, ಆಮ್ಯಾಲೆ ನಿಧಾನಕ್ಕೆ ತಿದ್ದಿಕೊಳ್ರಿ."

"ಸಹಿ ಬಿದ್ರೆ ಅದೇ ನಿಜ ಆಗಿಬಿಡ್ತೈತ್ರಿ ಸರ್."

"ಈ ಹುಡುಗನ ಮುಖನಾದ್ರೂ ನೋಡ್ರಿ!"

ಮೇಡಂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಏನೂ ಬೇಡ, ಸುಮ್ಮನಿದ್ದುಬಿಡಿ ಎನ್ನುವ ಮಾತು ನಾಲಿಗೆಯ ಮೇಲಿತ್ತು. ಹೊರಗೆ ಬರಲಿಲ್ಲ, ಅಷ್ಟೆ.

ಮರುದಿನ ಸಮಿತಿಯ ಮೂವರು ಮಿರ್ಚಿ-ಮಂಡಕ್ಕಿ ಮುಗಿಸಿ, ಕೈ ಒರೆಸಿಕೊಂಡು ಕೂತರು. ಮೇಡಂ ಸ್ವೆಟರಿನಲ್ಲೇ ಎದ್ದು ನಿಂತರು. "ಈ ವರದಿಯ ಮುಖ್ಯ ಅಧ್ಯಾಯ ತಪ್ಪು. ತಪ್ಪು ನನ್ನ ಪ್ರೋಗ್ರಾಮಿನದು" ಎಂದೇ ಶುರುಮಾಡಿದರು. ಅಧ್ಯಕ್ಷರು ಕನ್ನಡಕ ತೆಗೆದು, "ಇದು ನಿಮಗೆ ಹೇಗೆ ಗೊತ್ತಾಯಿತು?" ಎಂದರು.

"ಆವತ್ತು ಅಲ್ಲಿ ನಾವಿದ್ವಿ ಸರ್."

ಸದಸ್ಯರೊಬ್ಬರು ನಕ್ಕೇಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಮೇಡಂ ಅವರ ನಗು ಮುಗಿಯುವವರೆಗೂ ಕಾದು, ಆಮೇಲೆ ಒಂದೊಂದೇ ಚಿತ್ರ ತೋರಿಸಿದರು. ಕೊನೆಗೆ ಆ ಸದಸ್ಯರೇ ಎದ್ದು ಪರದೆಯ ಹತ್ತಿರ ಬಂದು ಕೊಂಡಜ್ಜಿಯ ಮೋಡವನ್ನು ಬಗ್ಗಿ ನೋಡಿದರು.

ಸಮಿತಿಯವರು ನೋಡಿದರು, ಮೇಡಂರನ್ನು ಮೆಚ್ಚಿದರು, ಯೋಜನೆ ಮುಂದುವರಿಸಲಿಲ್ಲ. ಡಿಸೆಂಬರಿನೊಳಗೆ ಎಲ್ಲ ವರ್ಷಗಳ ಅಂಕಿಗಳನ್ನು ಮತ್ತೆ ಒಪ್ಪಮಾಡಿ ಕೊಡಿ ಎಂದು ಹೇಳಿ ಹೋದರು. ನಮ್ಮ ಹೆಸರು ಬರುವ ಕೆಲಸವಲ್ಲ ಅದು. ಮೇಡಂ ಅದನ್ನೂ ಅಷ್ಟೇ ಆಸ್ಥೆಯಿಂದ ಮಾಡಿದರು. ಹೊಸ ನಿಯಮ ಒಂದೇ: "ಇನ್ನು ಮ್ಯಾಲೆ ಏನನ್ನೂ ಕಿತ್ತು ಹಾಕಬ್ಯಾಡ. ಅನುಮಾನ ಬಂದ್ರೆ ಪಕ್ಕದಾಗೆ ಗುರುತು ಹಾಕಿ ಬಿಡು. ಅಲ್ಲಿದ್ದವರು ಯಾವಾಗಾದ್ರೂ ಬಂದು ಹೇಳ್ತಾರೆ."

ಜನವರಿಗೆ ಆ ಕೋಣೆಯಲ್ಲಿ ಮುರಿದ ಬೆಂಚುಗಳು ಬಂದು ಕೂತವು. ನಾನು ಹರಿಹರದ ಮನೆಯಲ್ಲಿ ಕೂತೆ. ಅವ್ವ ಓಣಿಯಲ್ಲಿ ಉಪಗ್ರಹದ ಮಾತು ನಿಲ್ಲಿಸಿದಳು. ಮೇಡಂ ಮೇಲೆ ನನಗೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ, ಈಗಲೂ ಚೂರು ಇದೆ. ಆದರೆ ಮರುವರ್ಷ ದೂರದ ಊರಿನಿಂದ ನನಗೆ ಕೆಲಸಕ್ಕೆ ಕರೆ ಬಂತು, ಕರೆದದ್ದು ಅಂದು ನಕ್ಕಿದ್ದ ಆ ಸದಸ್ಯರೇ. ಇಂದಿಗೂ ನಾನು ಉಣ್ಣುತ್ತಿರುವುದು ಮೋಡದ ಅಂಕಿ ಆರಿಸಿಯೇ. ವಿಚಿತ್ರ ಅಂಕಿ ಕಂಡಾಗಲೆಲ್ಲ ಮೇಡಂಗೆ ಫೋನು ಮಾಡುತ್ತಿದ್ದೆ. ಅವರು ಕೇಳುವುದು ಏನೆಂದು ಗೊತ್ತಿದ್ದೂ ಮಾಡುತ್ತಿದ್ದೆ.

ಅವರು ಹೋದ ಸುದ್ದಿ ನನಗೆ ತಡವಾಗಿ ಮುಟ್ಟಿತು. ಕೆ.ಬಿ. ಬಡಾವಣೆಯ ಮನೆಗೆ ಹೋದಾಗ ಎಲ್ಲ ಮುಗಿದಿತ್ತು. ಅವರ ಅಕ್ಕ ಒಬ್ಬರೇ ಪಡಸಾಲೆಯಲ್ಲಿ ಕೂತಿದ್ದರು. ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತು, ಸದ್ದೇ ಇಲ್ಲದಂಗೆ ಹೋದಳಪ್ಪ ಎಂದರು. ನಾನು ಸಮಾಧಾನದ ಮಾತು ಆಡಬೇಕಿತ್ತು. ಬಾಯಿಗೆ ಬಂದದ್ದು ಅದೇ ಪ್ರಶ್ನೆ.

"ಆಗ ಅಲ್ಲಿ ಯಾರಿದ್ರು ಅಕ್ಕ?"

ಅವರು ನನ್ನನ್ನೇ ನೋಡಿದರು. "ನಾನಿದ್ದೆ ತಮ್ಮ. ಚಳಿ ಅಂದ್ಲು, ಸ್ವೆಟರ್ ಹೊದಿಸಿ ಕೈ ಹಿಡ್ಕಂಡು ಕುಂತಿದ್ದೆ."

ಅಷ್ಟು ಕೇಳಿದ ಮೇಲೆ ನನಗೆ ಅಳು ಬಂತು.