ನೋಡದೆ ಬರೆದ ಮೂರು ವಾರ

ಇವತ್ತು ಬೆಳಗ್ಗೆ ನಲ್ಲಿಯ ನೀರಿಗೆ ಕೈಯೊಡ್ಡಿದರೆ ಹಸಿ ಮಣ್ಣಿನ ವಾಸನೆ ಬಂತು. ನಿಮಗಾದರೆ ಮಳೆ ನೆನಪಾದೀತು. ನನಗೆ ಮಲ್ಲಮ್ಮ ನೆನಪಾದರು.

ಚಿತ್ತಾಪುರದ ಹತ್ತಿರ ಕುಡಿಯುವ ನೀರಿನ ಕೆರೆಯೊಂದಿದೆ. ಗುಂಡಗುರ್ತಿಯ ಮಲ್ಲಮ್ಮ ಅದರ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದರು; ನಾನು ನೀರಿನ ಪರೀಕ್ಷೆಗೆಂದು ಹೊಸದಾಗಿ ಸೇರಿದವಳು. ಪ್ರತಿ ಸೋಮವಾರ ಇಬ್ಬರೂ ದೋಣಿಯಲ್ಲಿ ಕೆರೆಯ ನಡುವಿಗೆ ಹೋಗಿ, ಹಗ್ಗಕ್ಕೆ ಕಟ್ಟಿದ ಬಿಳಿ ತಟ್ಟೆಯನ್ನು ನೀರಿಗೆ ಇಳಿಸಬೇಕು. ಅದು ಎಷ್ಟು ಆಳದಲ್ಲಿ ಕಣ್ಮರೆಯಾಯಿತೆಂದು ಪುಸ್ತಕದಲ್ಲಿ ಬರೆಯಬೇಕು. ನೀರು ತಿಳಿಯಾಗಿದ್ದಷ್ಟೂ ತಟ್ಟೆ ಆಳದವರೆಗೆ ಕಾಣುತ್ತದೆ. ಬಂದ ಹಕ್ಕಿ, ನೀರಿನ ಬಣ್ಣ ಎಲ್ಲವನ್ನೂ ಮಲ್ಲಮ್ಮ ಎಷ್ಟೋ ವರ್ಷಗಳಿಂದ ಅದರಲ್ಲಿ ಬರೆಯುತ್ತ ಬಂದಿದ್ದರು.

ಒಂದು ಬೇಸಿಗೆಯಲ್ಲಿ ಅವರು ಮಗಳ ಬಾಣಂತನಕ್ಕೆಂದು ಮೂರು ವಾರ ರಜೆ ಹೋದರು. ನಮ್ಮ ಕಡೆಯ ಬಿಸಿಲು ಎಂಥದೆಂದು ಹೇಳಬೇಕಿಲ್ಲ; ನನಗೆ ಬಿಸಿಲಿಗಿಂತ ದೋಣಿಯ ಹೆದರಿಕೆ ಹೆಚ್ಚು. ಫ್ಯಾನಿನ ಕೆಳಗೆ ಕೂತು ಹಿಂದಿನ ವಾರದ ಅಂಕಿಯನ್ನೇ ಬರೆದೆ. ಅನುಮಾನ ಬಾರದಿರಲೆಂದು ತುಸು ಹೆಚ್ಚುಕಡಿಮೆಯನ್ನೂ ಮಾಡಿದೆ. ಅಷ್ಟು ಜಾಣತನವಿತ್ತು ನೋಡಿ!

ಮಲ್ಲಮ್ಮ ಮರಳಿದ ದಿನ ನೀರು ಹಸಿರಾಗಿತ್ತು, ದಡದ ತುಂಬ ಸತ್ತ ಮೀನು. ಅವರು ಪುಸ್ತಕ ತೆರೆದು ನೋಡಿದರು.

"ಮ್ಯಾಡಮ್, ನೀವು ದೋಣಿ ಹತ್ತೇ ಇಲ್ಲ ಅಲ್ರಿ?"

"ಇಲ್ಲ" ಎಂದೆ.

"ನೋಡಿಲ್ಲಂದ್ರ ನೋಡಿಲ್ಲಂತ ಬರೀರಿ. ಈ ಬುಕ್ಕ ಓದೋ ಮಂದಿ ಇನ್ನಾ ಹುಟ್ಟಬೇಕಾಗ್ಯದ. ಅವರಿಗಿ ಯಾಕ ಸುಳ್ಳ ಹೇಳ್ತೀರಿ?"

ಸಂಜೆ ನಮ್ಮ ಮೇಲಧಿಕಾರಿ ಸಾಹೇಬರು ಬಂದಾಗ ಅವರೆದುರೇ ಮೂರು ಸಾಲು ಹೊಡೆದುಹಾಕಿ ತಪ್ಪೊಪ್ಪಿಕೊಂಡೆ. ಬೈಗುಳವೂ ಸಿಕ್ಕಿತು, ನೋಟಿಸೂ ಬಂತು. ಆದರೆ ಮಲ್ಲಮ್ಮ ಬರೆದ ಹಳೆಯ ಪುಟಗಳನ್ನು ತಿರುವಿದಾಗ ಕಾರಣ ಸಿಕ್ಕಿತು. ಕೆರೆಗೆ ಬರುವ ನಾಲಾದ ಅಂಚಿನ ಹುಲ್ಲು ಕಿತ್ತು ಉಳುಮೆ ಮಾಡಿದ ವರ್ಷದಿಂದಲೇ ತಟ್ಟೆ ಬೇಗ ಬೇಗ ಮರೆಯಾಗುತ್ತ ಬಂದಿತ್ತು. ತಡೆಯುವ ಹುಲ್ಲಿಲ್ಲದೆ ಹೊಲದ ಗೊಬ್ಬರ ಮಳೆನೀರಿನೊಂದಿಗೆ ನೇರ ಕೆರೆ ಸೇರಿ ಪಾಚಿ ಬೆಳೆಸುತ್ತಿತ್ತು.

ಮಲ್ಲಮ್ಮ ಪುಸ್ತಕ ಹಿಡಿದು ಹೊಲದವರ ಮನೆ ಮನೆಗೆ ಹೋದರು. ಹಿಂದೆ ನಾನು. "ನಿಮ್ಮ ಮೊಮ್ಮಕ್ಕಳೂ ಇದೇ ನೀರ ಕುಡಿತಾರ್ರಿ" ಎಂದರು. ಕೆಲವರು ಗೊಣಗಿದರು, ಆದರೂ ನಾಲಾದ ಅಂಚನ್ನು ಉಳದೆ ಬಿಟ್ಟರು. ಹುಲ್ಲು ಮತ್ತೆ ಬೆಳೆಯಿತು. ಮೂರನೆಯ ವರ್ಷ ಒಂದಾಳು ಆಳದಲ್ಲೂ ತಟ್ಟೆ ಬೆಳ್ಳಗೆ ಕಂಡಾಗ ನಾನು ದೋಣಿಯಲ್ಲೇ ಎದ್ದು ನಿಂತುಬಿಟ್ಟೆ.

"ಕುಂದ್ರಿ ಮ್ಯಾಡಮ್, ಇಬ್ರೂ ಮುಳುಗ್ತೀವಿ!"

ಮಲ್ಲಮ್ಮ ಈಗ ನಿವೃತ್ತರು. ಇವತ್ತು ನನಗೂ ರಜೆಯೇ. ಆದರೂ, ಪಾಚಿ ಬೆಳೆಯತೊಡಗಿದರೆ ನೀರಿಗೆ ಹಸಿ ಮಣ್ಣಿನ ವಾಸನೆ ಬರುತ್ತದೆಂದು ಗೊತ್ತಿದ್ದರಿಂದ, ಕೆರೆಗೆ ಬಂದು ದೋಣಿ ಹತ್ತಿದೆ. ಪಂಪಿನ ಮಗ್ಗುಲಿಗೆ ತೆಳ್ಳನೆಯ ಪಾಚಿ ಕಾಣಿಸಿಕೊಂಡಿತ್ತು. ಬರೆದುಕೊಂಡು, ಸದ್ಯ ಆ ಕಡೆಯ ನೀರು ಎತ್ತಬೇಡವೆಂದು ಪಂಪ್‌ಹೌಸಿಗೆ ಫೋನ್ ಮಾಡಿದೆ.

"ಬಂದ್ ಮಾಡಾಕತ್ತೀನ್ರಿ ಮ್ಯಾಡಮ್," ಎಂದ ಆಪರೇಟರ್. "ಭಾಳ ಛಲೋ ಆತು, ವ್ಯಾಳ್ಯಾಕ್ಕ ನೋಡೀರಿ."