ಅಮೆರಿಕದ ಕ್ಯಾಮೆರಾದಲ್ಲಿ ನಮ್ಮ ಹುಡುಗಿಯ ಮದುವೆ

ಮೊಬೈಲಿನಲ್ಲಿ ವಿಡಿಯೊ ತೆಗೆಯುವ ಕಾಲ ಇನ್ನೂ ಬಂದಿರಲಿಲ್ಲ. ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ನನ್ನ ಮೈದುನ ರಜಕ್ಕೆ ಬರುವಾಗ, ಅಮೆರಿಕದ ಯಾವುದೋ ಬಂದರಿನ ಅಂಗಡಿಯಲ್ಲಿ ಕೊಂಡ ವಿಡಿಯೊ ಕ್ಯಾಮೆರಾ ತಂದಿದ್ದ. ಒಂದೇ ಕೈಯಲ್ಲಿ ಹಿಡಿಯುವಂಥದ್ದು. ಪಕ್ಕದಲ್ಲಿ ಕಿಟಕಿ ಬಾಗಿಲಿನಂತೆ ತೆರೆದುಕೊಳ್ಳುವ ಪುಟ್ಟ ಪರದೆ. ಅದೇ ವಾರ ನನ್ನ ನಾದಿನಿಯ ಮಗಳ ಮದುವೆ, ಕೆ.ಆರ್. ನಗರದ ಛತ್ರದಲ್ಲಿ. ಮನೆಯಲ್ಲೇ ಕ್ಯಾಮೆರಾ ಇರುವಾಗ ಇನ್ನೊಬ್ಬರು ಯಾಕೆ, ಸ್ಟುಡಿಯೊದವರು ಫೋಟೊ ತೆಗೆದರೆ ಸಾಕು ಎಂದು ಎಲ್ಲರೂ ಸೇರಿ ಅವರ ವಿಡಿಯೊ ಬೇಡ ಎಂದುಬಿಟ್ಟೆವು.

ನಮ್ಮಲ್ಲಿ ಹೆಣ್ಣನ್ನು ಹಸೆಗೆ ಎತ್ತಿಕೊಂಡು ಬರುವುದು ಸೋದರಮಾವ. ನಮ್ಮ ಮನೆಯವರೇ ಹಿರಿಯ ಮಾವ. ಆ ಹುಡುಗಿ ಹಾರನಹಳ್ಳಿ ಸ್ಕೂಲಿಗೆ ಹೋಗುತ್ತಿದ್ದದ್ದೂ ನಮ್ಮ ಮನೆಯಿಂದಲೇ. ಎತ್ತುವುದಕ್ಕೆಂದು ಇವರು ಹೊಸ ಪಂಚೆ ತಂದಿಟ್ಟುಕೊಂಡಿದ್ದರು. ಆದರೆ ಶ್ರಾವಣ ಎಂದರೆ ನಮಗೆ ಹೊಗೆಸೊಪ್ಪು ಬೇಯಿಸುವ ಕಾಲ. ಕಾವು ಕೊಟ್ಟು ಒಣಗಿಸುವ ಬ್ಯಾರನ್ನು ಮನೆಗೆ ಸೊಪ್ಪು ಏರಿಸಿಯಾಗಿತ್ತು, ಬಣ್ಣ ಹಿಡಿಯುವ ಹೊತ್ತು. ಬೆಂಕಿ ನೋಡುವ ಆಳಿಗೆ ಮದುವೆಯ ಹಿಂದಿನ ದಿನ ಜ್ವರ ಬಂತು. ಅಕ್ಕಪಕ್ಕದವರ ಬ್ಯಾರನ್ನುಗಳೂ ಉರಿಯುತ್ತಿದ್ದವು, ಯಾರನ್ನು ಕರೆಯುವುದು?

"ನಾನಿರ್ತೀನಿ ಬುಡಣ್ಣ, ದಿನಾ ಒಲೆ ಮುಂದೆ ನಿಲ್ಲೋನು ನಾನು" ಎಂದ ಮೈದುನ.

"ನಿನ್ನ ಒಲೆ ಸಾರು ಕುದಿಸೋದು ಕಣ್ಲಾ. ಇದು ಕಾವು ಜಾರಿದ್ರೆ ಸೊಪ್ಪೆಲ್ಲ ಕರ್ರಗಾಯ್ತದೆ. ನೀನೋಗಿ ಅವಳನ್ನ ಎತ್ಕೊ. ನಾನು ಟೀವೀಲಿ ನೋಡ್ತೀನಿ" ಎಂದರು ಇವರು. ಹೊಸ ಪಂಚೆಯನ್ನು ತಮ್ಮನ ಕೈಗೆ ಕೊಟ್ಟರು.

ಎತ್ತುವವನು ಮೈದುನನಾದ್ದರಿಂದ ಕ್ಯಾಮೆರಾ ನನ್ನ ಕೈಗೆ ಬಂತು. ಯಾವ ಗುಂಡಿ ಒತ್ತಬೇಕು ಎಂದು ಮಾತ್ರ ಹೇಳಿಕೊಟ್ಟಿದ್ದ. ಚಪ್ಪರದ ಬಾಳೆಕಂದು, ಬೀಗರ ಪಾದ, ನೆಲ, ಎಲ್ಲವೂ ಅದರಲ್ಲಿ ಬಂದಿವೆ. ಹೆಣ್ಣನ್ನು ಎತ್ತುವಾಗ ಮಾತ್ರ ಉಸಿರು ಬಿಗಿಹಿಡಿದು ಅಲುಗದೆ ನಿಂತಿದ್ದೆ.

ಊರಿಗೆ ಬಂದು ಟೀವಿಗೆ ವೈರು ಸಿಕ್ಕಿಸಿದೆವು. ಚಿತ್ರ ಕಪ್ಪು ಬಿಳುಪು. ಅದೂ ನಿಲ್ಲದು, ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇತ್ತು. ಮೈದುನ ಟೀವಿಯ ತಲೆಗೆ ಎರಡು ಬಾರಿಸಿದ. ಪ್ರಯೋಜನವಾಗಲಿಲ್ಲ. ಮಾರನೆಯ ದಿನ ಹುಣಸೂರಿನ ಸ್ಟುಡಿಯೊಗೆ ಹೋದೆವು. ನಾವು ಬೇಡ ಎಂದಿದ್ದೆವಲ್ಲ, ಅವರ ಹತ್ತಿರವೇ.

ಅವರು ಕ್ಯಾಮೆರಾ ತಿರುಗಿಸಿ ನೋಡಿ ನಕ್ಕರು. "ಇದು ಅಮೆರಿಕದ ಪದ್ಧತಿ ಕಣಮ್ಮ. ಅಲ್ಲಿ ಎನ್‌ಟಿಎಸ್‌ಸಿ ಅಂತಾರೆ, ನಮ್ಮದು ಪಿಎಎಲ್. ಚಿತ್ರಕ್ಕೆ ಇರೋ ಗೆರೆ ಲೆಕ್ಕಾನೇ ಬೇರೆ. ನಿಮ್ಮ ಟೀವಿಗೆ ಇದು ತಿಳಿಯಲ್ಲ."

"ಡಬ್ಬದ ಮೇಲೆ ಆ ಅಕ್ಷರ ಇದ್ವು. ಕಂಪನಿ ಹೆಸರೇನೋ ಅಂದ್ಕೊಂಡೆ" ಎಂದ ಮೈದುನ.

"ವಿಡಿಯೊಗೂ ನಮ್ಮನ್ನೇ ಕರೆದಿದ್ರೆ ಇಷ್ಟೊತ್ತಿಗೆ ಹಾಡು ಸೇರಿಸಿ ಕ್ಯಾಸೆಟ್ ಕೊಟ್ಟಿರ್ತಿದ್ದೆ" ಎಂದು ಅವರು ಒಂದು ಮಾತು ಕುಟುಕಿದರು. ಆಮೇಲೆ, ಬೆಂಗಳೂರಿಗೆ ಕಳಿಸಿದರೆ ಬದಲಾಯಿಸಿ ಕೊಡುತ್ತಾರೆ, ತಡವಾಗುತ್ತದೆ ಎಂದರು. ಅಷ್ಟರೊಳಗೆ ಮೈದುನ ಹಡಗಿಗೆ ಹೊರಡಬೇಕಿತ್ತು.

ಬಸ್ಸಿನಲ್ಲಿ ಅವನ ಮುಖ ನೋಡಲಾಗುತ್ತಿರಲಿಲ್ಲ. "ಅಣ್ಣಂಗೆ ಏನೇಳ್ಲಿ ಅತ್ಗೆ?" ಎಂದು ಕೇಳುತ್ತಲೇ, ಸುಮ್ಮನೆ ಕ್ಯಾಮೆರಾ ತೆರೆದು ಟೇಪು ಓಡಿಸಿದ. ಪುಟ್ಟ ಪರದೆಯ ಮೇಲೆ ಹುಡುಗಿಯ ಹಸಿರು ಸೀರೆ ಹಸಿರಾಗಿಯೇ ಕಾಣಿಸಿತು. ಇಬ್ಬರೂ ಮುಖಮುಖ ನೋಡಿಕೊಂಡೆವು. ಇದು ನಮಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ.

ಮನೆಗೂ ಹೋಗದೆ ನೇರ ಬ್ಯಾರನ್ನಿಗೆ ನಡೆದೆವು. ಇವರು ಸೌದೆ ಒಟ್ಟುತ್ತಿದ್ದರು. ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ತಲೆಯ ಮೇಲೆ ಟವಲು ಹೊದ್ದುಕೊಂಡು ಅದರೊಳಗೆ ಕ್ಯಾಮೆರಾ ಹಿಡಿದುಕೊಂಡರು. ಹೊರಗಿನಿಂದ ನಮಗೆ ಅವರ ಮಾತಷ್ಟೇ ಕೇಳುತ್ತಿತ್ತು.

"ಲೇ, ಅಕ್ಕಿ ಮೂಟೆ ಎತ್ದಂಗೆ ಎತ್ತಿದ್ದೀಯಲ್ಲೋ!"

"ಭಾರ ಇದ್ಲು ಕಣಣ್ಣ."

"ನಮ್ಮನೆ ಮುದ್ದೆ ತಿಂದ್ ಬೆಳೆದೋಳು, ಅಗುರಾಗಿರ್ತಾಳಾ?" ಆಮೇಲೆ, "ಇದನ್ನ ಇನ್ನೊಂದ್ಸಲ ಹಾಕು" ಎಂದರು. ಮೈದುನ ಟವಲಿನೊಳಗೆ ಕೈ ತೂರಿಸಿ ಹಿಂದಕ್ಕೆ ತಿರುಗಿಸಿದ. ಮತ್ತೆ ನೋಡಿದರು, ಮತ್ತೊಮ್ಮೆ ಕೇಳಿದರು. ಧಾರೆಯವರೆಗೂ ಹೋಗಲೇ ಇಲ್ಲ. ಟವಲು ತೆಗೆದು ಮುಖ ಒರೆಸಿಕೊಂಡು ಕಾವು ನೋಡಲು ಎದ್ದರು.

ಸೊಪ್ಪು ಇಳಿಸಿದ ಮಾರನೆಯ ದಿನವೇ ಮಡಿಲಕ್ಕಿ ಕಟ್ಟಿಕೊಂಡು ಹುಡುಗಿಯ ಹೊಸ ಮನೆಗೆ ಹೋದೆವು. ನನ್ನನ್ನು ಒಳಗೆ ಕರೆದಳು. ಮಾವನಿಗೆ ಮಾತ್ರ ಮುಖ ತಿರುಗಿಸಿ ನಿಂತಳು.

"ನಿಮ್ಗೆ ಸೊಪ್ಪೇ ಹೆಚ್ಚಾಯ್ತಲ್ಲ ಮಾವ. ನೀವು ಬರ್ಲಿಲ್ಲ, ನಾನು ಮಾತಾಡಲ್ಲ."

ಇವರು ಚಪ್ಪಲಿ ಬಿಡುತ್ತಾ ತಲೆ ತಗ್ಗಿಸಿಯೇ ಹೇಳಿದರು: "ಚಿಕ್ಕಮಾವ ಎತ್ತೋಕೆ ಬಗ್ಗಿದಾಗ ನೀನು ಬಾಗಿಲ ಕಡೆ ನೋಡ್ದೆ. ಅದನ್ನ ನೋಡ್ದೆ ಕಣವ್ವ, ನಾನು."

ಅವಳು ಕಾಲಿಗೆ ನೀರು ತರಲು ಒಳಗೆ ಹೋದಳು.